ಮೂರನೆಯ ಬೆಲೆ

ಎರಡು ಸಲ ಸೋಪು ಹಾಕಿ, ಮೂರನೆಯ ಸಲ ನಿಂಬೆಹೋಳು ಉಜ್ಜಿ ತೊಳೆದರೂ ಸಿರಿಲ್ ಹುಡಾಕನ ಬಲಗೈ ಹೆಬ್ಬೆರಳಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಸಣ್ಣಗೆ ಉಳಿದಿತ್ತು. ಅಥವಾ ಉಳಿದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಊರವರಿಗೆ ಬಾಡಿಗೆಗೆ ಕೊಡುವ ಅಗ್ನಿಶಾಮಕ ದಳದ ಆ ದೊಡ್ಡ ಹಾಲಿನಲ್ಲಿ ಯಾರ ಮೂಗಿಗೂ ಅದು ಬಡಿಯುವಂತಿರಲಿಲ್ಲ. ಹಿಂದಿನ ಅಡುಗೆಮನೆಯಲ್ಲಿ ಚರ್ಚಿನ ಹೆಂಗಸರು ಬೆಣ್ಣೆಯಲ್ಲಿ ಈರುಳ್ಳಿ ಹುರಿಯುತ್ತಿದ್ದರು. ಬಾಗಿಲಲ್ಲಿ ಮಾರ್ಚ್ ತಿಂಗಳ ಕೆಸರುಹಿಮ ಒದರಿ ಒಳಗೆ ಬರುವ ಗಂಡಸರ ಒದ್ದೆ ಕೋಟುಗಳು, ಬಂದೂಕಿನ ಎಣ್ಣೆ, ಕಾಫಿ, ಎಲ್ಲ ಸೇರಿ ಹಾಲಿಗೆ ಅದರದೇ ಒಂದು ವಾಸನೆ ಇತ್ತು. ವರ್ಷಕ್ಕೆ ಎರಡು ಸಲ ನಡೆಯುವ ಈ ಬಂದೂಕು ಸಂತೆಯಲ್ಲಿ ಸಿರಿಲ್ ಇದೇ ಮೂಲೆಯಲ್ಲಿ, ಇದೇ ಮಡಿಸುವ ಮೇಜಿನ ಹಿಂದೆ, ಗೆಳೆಯ ವೆಂಡೆಲ್ ಶಾಫರನ ಪಕ್ಕದಲ್ಲಿ ಕೂತು ಹಳೆಯ ಸೈನ್ಯದ ರೈಫಲ್ಲುಗಳನ್ನು ಕೊಳ್ಳುತ್ತ ಮಾರುತ್ತ ಬಂದವನು. ಇವತ್ತು ಮೇಜಿನ ಮೇಲೆ ಆರು ರೈಫಲ್ಲುಗಳಿದ್ದವು. ಏಳನೆಯದು ಮೇಜಿನ ಕೆಳಗೆ, ಅವನ ಬೂಟಿನ ಪಕ್ಕದಲ್ಲಿ, ಹಳೆಯ ಕಂಬಳಿಯಲ್ಲಿ ಸುತ್ತಿಕೊಂಡು ಮಲಗಿತ್ತು. ಅದು ಅವನ ಅಪ್ಪ ಬ್ಯಾಸಿಲ್ ಹುಡಾಕನದು. ಅದನ್ನು ಮಾರಿ ಬಾ ಎಂದ ಅವನ ತಾಯಿ ಓಲ್ಗಾ, ಎಂಬತ್ತೇಳರ ಮುದುಕಿ, ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಆಲೂಗೆಡ್ಡೆ ತುಂಬಿದ ಪಿರೋಗಿ ಕಡುಬುಗಳ ಅಂಚು ಒತ್ತುತ್ತಿದ್ದಳು. ಕಣ್ಣು ಮುಕ್ಕಾಲು ಹೋಗಿದ್ದರೂ ಕಡುಬಿನ ಅಂಚು ಒತ್ತುವುದಕ್ಕೆ ಕಣ್ಣು ಯಾಕೆ ಎನ್ನುವವಳು ಅವಳು. ಕೆಲಸ ಮುಗಿಸಿ ಬಂದು "ಎಷ್ಟಕ್ಕೆ ಹೋಯ್ತು?" ಎಂದು ಕೇಳುತ್ತಾಳೆ. ಸಿರಿಲ್ ಬೆಳಿಗ್ಗೆಯಿಂದ ಆ ಒಂದು ಪ್ರಶ್ನೆಗೆ ಹೆದರಿ ಕೂತಿದ್ದ.

ಸಂತೆಯಲ್ಲಿ ಮಾತೆಲ್ಲ ಒಂದೇ ರಾಗ: ಆವಾಗ ಕೊಂಡಿದ್ದರೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದಕ್ಕೆ ಟಿಕೀಟು ಇಟ್ಟು ಜನ ಸೇರಿಸಿದಂತೆ ಇರುತ್ತದೆ ಈ ಹಾಲು. ಸಿರಿಲ್ ಹುಡುಗನಾಗಿದ್ದಾಗ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಯ ಡಬ್ಬಗಳ ಪಕ್ಕ ಒಂದು ಮರದ ಪೀಪಾಯಿ ಇರುತ್ತಿತ್ತು. ಅದರಲ್ಲಿ ಪೊರಕೆಗಳ ಹಾಗೆ ರೈಫಲ್ಲುಗಳು ನಿಂತಿರುತ್ತಿದ್ದವು. ಇಪ್ಪತ್ತು ಡಾಲರಿನ ಒಳಗೆ ಯಾವುದು ಬೇಕೋ ಎತ್ತಿಕೊಳ್ಳಿ. ಊರಿನವರು ಕೊಂಡು, ನಳಿಗೆಯ ಕೆಳಗಿನ ಮರವನ್ನು ಗರಗಸದಿಂದ ಕೊಯ್ದು ಹಗುರ ಮಾಡಿಕೊಂಡು ಜಿಂಕೆ ಬೇಟೆಗೆ ಹೋಗುತ್ತಿದ್ದರು. ಹಾಗೆ ಕೊಯ್ದದ್ದಕ್ಕೆ ಇವತ್ತು ಇನ್ನೂರು ಹುಟ್ಟಿದರೆ ಪುಣ್ಯ, ಕೊಯ್ಯದೆ ಬಿಟ್ಟದ್ದಕ್ಕೆ ಒಂದೂವರೆ ಸಾವಿರ. ಆಮೇಲೆ ಸಿರಿಲ್‌ನ ಕಾಲಕ್ಕೆ ರಷ್ಯದವು ಬಂದವು, ಪೆಟ್ಟಿಗೆ ಪೆಟ್ಟಿಗೆಯಾಗಿ, ಮೈತುಂಬ ಗ್ರೀಸು ಮೆತ್ತಿಕೊಂಡು, ಒಂದಕ್ಕೆ ಎಪ್ಪತ್ತು ಡಾಲರು. ಅವನು ಹನ್ನೆರಡು ಕೊಂಡಾಗ ಹೆಂಡತಿ ಜನೆಟ್, "ಇನ್ನೇನು, ನಮ್ಮ ಮೇಲೆ ಯಾರು ದಂಡೆತ್ತಿ ಬರ್ತಾರೆ, ಪಕ್ಕದ್ಮನೆಯವ್ರಾ?" ಎಂದು ನಕ್ಕಿದ್ದಳು. ಈಗ ಅವು ಒಂದೊಂದೂ ನಾನೂರರ ಹತ್ತಿರ. ನಕ್ಕವಳೂ ಇಲ್ಲ, ಬೆಲೆ ಏರಿತು ಎಂದು ಹೇಳಿ ಗೆಲ್ಲೋಣವೆಂದರೆ. ಕಬ್ಬಿಣ ಅದೇ, ಮರ ಅದೇ, ಗುಂಡು ಹೋಗುವ ದಾರಿ ಅದೇ. ಬೆಲೆ ಮಾತ್ರ ಮನುಷ್ಯರ ತಲೆಯೊಳಗೆ ಏರುತ್ತದೆ, ಇಳಿಯುತ್ತದೆ. ನಲವತ್ತು ವರ್ಷ ಕಾರ್ಖಾನೆಯಲ್ಲಿ ಉಕ್ಕಿಗೆ ಸಾಣೆ ಹಿಡಿದ ಸಿರಿಲ್‌ಗೆ ಇದು ಯಾವತ್ತೂ ಸ್ವಲ್ಪ ಅವಮಾನವೆನ್ನಿಸುವ ಸಂಗತಿ. ಅವನು ಕೆಲಸ ಮಾಡಿದ ಕಬ್ಬಿಣಕ್ಕೆ ಬೆಲೆ ಬರುತ್ತಿತ್ತು. ಇಲ್ಲಿ ಯಾರೂ ಕೈಯಿಟ್ಟಿಲ್ಲ ಎಂಬುದಕ್ಕೇ ಬೆಲೆ.

"ಇಲ್ಲಿ ಕೊಡಿ, ನೋಡೋಣ," ಎಂದು ವೆಂಡೆಲ್ ಯಾರೋ ಗಿರಾಕಿಯ ಕೈಯಿಂದ ಜರ್ಮನ್ ರೈಫಲ್ಲೊಂದನ್ನು ಇಸಿದುಕೊಂಡು, ನೋಡುವುದರ ಬದಲು ಮೂಗಿಗೆ ಹಿಡಿದ. ಒಂದು ಗುಕ್ಕು ಉಸಿರೆಳೆದ. "ಹಂ. ಮೊಟ್ಟೆ."

"ಏನು ಮೊಟ್ಟೆ?" ಎಂದ ಗಿರಾಕಿ.

"ಬಾಟ್ಲಿ ಬಣ್ಣ ಸ್ವಾಮಿ, ಕೊಳೆತ ಮೊಟ್ಟೆ ನಾತ. ಕಬ್ಬಿಣ ಉಜ್ಜಿಬಿಟ್ಟು ಮೇಲೆ ಕಪ್ಪು ಬಳಿದಿದಾರೆ. ಕಣ್ಣಿಗೆ ಮೋಸ ಮಾಡ್ಬೋದು, ಮೂಗಿಗೆ ಆಗಲ್ಲ. ಯಾರು ಕೊಟ್ರು ನಿಮಗೆ ಇದನ್ನ?"

"ನಮ್ಮ ಭಾವ."

"ಹಾಗಿದ್ರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಭಾವನಿಗೆ ಮೊಟ್ಟೇನೇ ಬಡಿಸಿ," ಎಂದು ವೆಂಡೆಲ್ ನಕ್ಕ. ಸುತ್ತಲಿನವರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸಿರಿಲ್ ಬಲಗೈಯನ್ನು ಕೋಟಿನ ಜೇಬಿಗೆ ಇಳಿಸಿದ.

ಬೆಳಿಗ್ಗೆ ಗ್ಯಾರೇಜಿನಲ್ಲಿ ಕಂಬಳಿ ಬಿಚ್ಚಿದಾಗ ಅವನಿಗೆ ಮೊದಲು ಆದದ್ದು ಸಂತೋಷ. ಅದನ್ನು ನೆನೆದಾಗಲೆಲ್ಲ ಅವನಿಗೆ ಕಿವಿ ಬಿಸಿಯಾಗುತ್ತಿತ್ತು. ಅಪ್ಪ ಅಟ್ಟದ ಮೇಲೆ ಕಟ್ಟಿ ಎಸೆದಿದ್ದ ಗಂಟನ್ನು ಅವನು ಸತ್ತು ಇಪ್ಪತ್ತೇಳು ವರ್ಷವಾದರೂ ಯಾರೂ ಬಿಚ್ಚಿರಲಿಲ್ಲ. ಒಳಗೆ ಜಪಾನಿ ರೈಫಲ್ಲು ಇದೆ ಎಂದು ಎಲ್ಲರಿಗೂ ಗೊತ್ತಿತ್ತು; ಯುದ್ಧ ಮುಗಿದ ಮೇಲೆ ರಾಶಿ ಹಾಕಿದ್ದರು, ಮನೆಗೆ ಹೋಗುವವರಿಗೆಲ್ಲ ಒಂದೊಂದು ಕೊಟ್ಟರು, ನಾನು ಸೈನ್ಯದ ಅಡುಗೆಮನೆಯಲ್ಲಿ ಸೌಟು ಹಿಡಿದವನು, ನನಗೂ ಒಂದು ಕೊಟ್ಟರು ಎಂದು ಅಪ್ಪ ಹೇಳಿದ್ದ, ಜೀವನದಲ್ಲಿ ಬಹುಶಃ ಎರಡು ಸಲ. ರಾಶಿಯಿಂದ ಕೊಟ್ಟ ಬಂದೂಕಿನ ಗುರುತು ಸಂತೆಗೆ ಬರುವ ಎಲ್ಲರಿಗೂ ಗೊತ್ತು. ಜಪಾನಿ ರೈಫಲ್ಲಿನ ನೆತ್ತಿಯ ಮೇಲೆ, ಗುಂಡು ತುಂಬುವ ಮನೆಯ ಎದುರಿಗೆ, ಚಕ್ರವರ್ತಿಯ ಸೇವಂತಿಗೆ ಹೂವು ಕೆತ್ತಿರುತ್ತದೆ. ಸೋತು ಶರಣಾದಾಗ ಚಕ್ರವರ್ತಿಯ ಹೂವು ಶತ್ರುವಿನ ಕೈಗೆ ಹೋಗಬಾರದೆಂದು ಅದನ್ನು ಅರದಿಂದ ತೇಯ್ದು ಕೊಟ್ಟರು. ರಾಶಿಯಲ್ಲಿದ್ದವಕ್ಕೆ ಹೂವಿಲ್ಲ. ಹೂವು ಉಳಿದಿದೆ ಎಂದರೆ ಆ ಬಂದೂಕು ಶರಣಾಗುವುದಕ್ಕೆ ಮುಂಚೆ, ಹಿಡಿದವನ ಕೈಯಿಂದ ಬಂದದ್ದು. ಹಿಡಿದವನು ಸುಮ್ಮನೆ ಕೊಟ್ಟಿರುವುದಿಲ್ಲ. ಗ್ಯಾರೇಜಿನ ದೀಪದ ಕೆಳಗೆ ಹೂವು ಒಂದೊಂದು ದಳವೂ ಎಣಿಸುವ ಹಾಗೆ ನಿಚ್ಚಳವಾಗಿತ್ತು. ಕೆಳಗೆ ಮೂರು ಜಪಾನಿ ಅಕ್ಷರ, ಒಂದು ಗೀರೂ ಇಲ್ಲದೆ. ಸಾವಿರದ ಇನ್ನೂರು ಎಂದು ಅವನ ಮನಸ್ಸು ಹೇಳಿತು. ಅಪ್ಪ ಎಂದು ಆಮೇಲೆ ಹೇಳಿತು. ನಡುವೆ ಎಷ್ಟು ಹೊತ್ತು ಹೋಯಿತೋ, ಆ ಹೊತ್ತಿನಲ್ಲಿ ಅವನು ಬಂದೂಕನ್ನು ಹೊರಳಿಸಿ ನಂಬರುಗಳು ಹೊಂದುತ್ತವೆಯೇ ಎಂದು ಕೂಡ ನೋಡಿದ್ದ.

ಸಂತೋಷದಲ್ಲಿ ಇನ್ನೊಂದೂ ಇತ್ತು, ಬೆಲೆಗಿಂತ ನಾಚಿಕೆಗೇಡಿನದು. ಥ್ಯಾಂಕ್ಸ್‌ಗಿವಿಂಗ್ ಹಬ್ಬವಾದ ಸೋಮವಾರ ಆ ಕಡೆಯಲ್ಲೆಲ್ಲ ಜಿಂಕೆ ಬೇಟೆ ಶುರು, ಶಾಲೆಗೇ ರಜ. ಬೆಳಗಾಗುವ ಮೊದಲೇ ಹುಡುಗರೆಲ್ಲ ಕಿತ್ತಳೆ ಅಂಗಿ ತೊಟ್ಟು ಅಪ್ಪಂದಿರ ಗಾಡಿ ಹತ್ತುತ್ತಿದ್ದರು. ಸಿರಿಲ್‌ನ ಅಪ್ಪ ಮಾತ್ರ ಅಡುಗೆಮನೆಯಲ್ಲಿ ಆಲೂಗೆಡ್ಡೆ ತುರಿದು ದೋಸೆ ಹೊಯ್ಯುತ್ತಿದ್ದ. ದೋಸೆ ಚೆನ್ನಾಗಿಯೇ ಇರುತ್ತಿತ್ತು. ಹುಡುಗರು ಮಾರನೆಯ ದಿನ "ನಿಮ್ಮಪ್ಪ ಜಪಾನಿನವ್ರನ್ನ ಸೌಟಲ್ಲಿ ಹೊಡೆದ್ನೇನೋ?" ಎನ್ನುತ್ತಿದ್ದರು. ಅವರ ಮೇಲೆ ಸಿಟ್ಟಾಗದೆ ಅವನು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡ. ಸಿಟ್ಟು ಎಷ್ಟು ದೂರ ಹೋಯಿತೆಂದರೆ ಊರಲ್ಲಿ ಯಾರಿಗೂ ಇಲ್ಲದಷ್ಟು ಬಂದೂಕು ಅವನ ನೆಲಮಾಳಿಗೆಯಲ್ಲಿ ತುಂಬಿಕೊಂಡವು. ಹೂವನ್ನು ಕಂಡ ಆ ಮೊದಲ ಗಳಿಗೆಯಲ್ಲಿ ಅರವತ್ತಮೂರು ವರ್ಷದ ಸಿರಿಲ್‌ಗೆ, ನೋಡ್ರೋ, ಸೌಟಲ್ಲ ಎಂದು ಅರ್ಧಕ್ಕರ್ಧ ಸತ್ತು ಹೋಗಿರುವ ಆ ಹುಡುಗರಿಗೆಲ್ಲ ತೋರಿಸಬೇಕು ಎನ್ನಿಸಿತ್ತು. ಆಮೇಲೆ ಕುರ್ಚಿ ನೆನಪಾಯಿತು. ಅಪ್ಪ ರಾತ್ರಿ ಹಾಸಿಗೆಯಲ್ಲಿ ಮಲಗುತ್ತಿರಲಿಲ್ಲ. ಅಡುಗೆಮನೆಯ ಕುರ್ಚಿಯನ್ನು ಗೋಡೆಗೆ ಒತ್ತಿ, ಬೆನ್ನನ್ನು ಗೋಡೆಗೆ ಕೊಟ್ಟು ಕೂತೇ ನಿದ್ದೆ ಮಾಡುತ್ತಿದ್ದ. ಅಮ್ಮ ಬಂದು ರಜಾಯಿ ಹೊದಿಸುತ್ತಿದ್ದಳು. ಬೆನ್ನ ಹಿಂದೆ ಯಾರಾದರೂ ಹಾದುಹೋದರೆ ಚಮಚ ಕೆಳಗಿಟ್ಟು ಕಾಯುತ್ತಿದ್ದ. "ನಾನು ಗೊರಕೆ ಹೊಡೀತೀನಲ್ಲ, ಅದಕ್ಕೇ ನಮ್ಮ ಯಜಮಾನ್ರು ಓಡಿಹೋಗ್ತಾರೆ," ಎಂದು ಅಮ್ಮ ನೆಂಟರೆದುರು ನಗುತ್ತಿದ್ದಳು. ಎಲ್ಲರ ಅಪ್ಪಂದಿರೂ ಏನಾದರೊಂದು ಮಾಡುತ್ತಾರೆ, ನಮ್ಮಪ್ಪ ಕುರ್ಚಿಯಲ್ಲಿ ಮಲಗುತ್ತಾನೆ ಎಂದುಕೊಂಡೇ ಸಿರಿಲ್ ಬೆಳೆದಿದ್ದ.

ಹೂವು ನೋಡಿದ ಮಾತ್ರಕ್ಕೆ ಕಥೆ ಮುಗಿಯಿತೆಂದಲ್ಲ, ಅದೂ ಅವನಿಗೆ ಗೊತ್ತು. ಸಿಗರೇಟಿಗೆ ಬದಲಾಗಿ ಯಾರಿಂದಲೋ ಕೊಂಡಿರಬಹುದು. ಇಸ್ಪೀಟಿನಲ್ಲಿ ಗೆದ್ದಿರಬಹುದು. ದಾರಿಯಲ್ಲಿ ಬಿದ್ದದ್ದನ್ನು ಎತ್ತಿರಬಹುದು. ಆದರೆ ಹಾಗೆ ಕೊಂಡವನು ರಾಶಿಯಿಂದ ಸಿಕ್ಕಿತು ಎಂದು ಯಾಕೆ ಹೇಳುತ್ತಾನೆ? ಎಲ್ಲರೂ ಕೊಟ್ಟದ್ದನ್ನು ಕಿತ್ತದ್ದು ಎಂದು ಜಂಬ ಕೊಚ್ಚುವಾಗ ಇವನೊಬ್ಬ ಕಿತ್ತದ್ದನ್ನು ಕೊಟ್ಟದ್ದು ಎಂದ. ಎರಡು ವಾರದ ಹಿಂದೆ ಊಟಕ್ಕೆ ಕೂತಾಗ ಸಿರಿಲ್ ಅಮ್ಮನಿಗೆ ಅಂಥ ಜಂಬದವನೊಬ್ಬನ ಕಥೆ ಹೇಳಿದ್ದ. ಹಿಂದಿನ ಸಂತೆಗೆ ಒಬ್ಬ ಹೆಂಡತಿ ಮಕ್ಕಳ ಸಮೇತ ಬಂದು, ನಮ್ಮಪ್ಪ ಕೈಕೈ ಮಿಲಾಯಿಸಿ ಕಿತ್ತುಕೊಂಡ ಬಂದೂಕು ಎಂದು ಮೇಜಿನ ಮೇಲಿಟ್ಟ. ಹೂವು ತೇಯ್ದಿತ್ತು. ಬಂದೂಕು ಕೊಳ್ಳು, ಕಥೆ ಕೊಳ್ಳಬೇಡ ಎಂಬುದು ಈ ವ್ಯಾಪಾರದ ಗಾದೆ. ಸಿರಿಲ್ ಹೆಬ್ಬೆರಳು ಇಟ್ಟು ತೋರಿಸಿ, "ನಿಮ್ಮಪ್ಪ ಸಾಲಲ್ಲಿ ನಿಂತು ಇಸ್ಕೊಂಡಿದ್ದು ಸ್ವಾಮಿ, ರೇಷನ್ ಥರ," ಎಂದಿದ್ದ. ಆ ಮನುಷ್ಯನ ಮುಖ ಮಕ್ಕಳೆದುರಿಗೆ ಹೇಗಾಯಿತು ಎಂಬುದನ್ನು ಸಿರಿಲ್ ಊಟದ ಮೇಜಿನಲ್ಲಿ ನಟಿಸಿ ತೋರಿಸಿದ. ಅಮ್ಮ ನಗಲಿಲ್ಲ. "ಹಾಗಂದ್ರೆ ಹೂವಿದ್ರೆ ಏನರ್ಥ?" ಎಂದಳು. ಅವನು ಬಾಯಲ್ಲಿ ತುತ್ತಿಟ್ಟುಕೊಂಡೇ ಎಲ್ಲ ಬಿಡಿಸಿ ಹೇಳಿದ: ಹೂವಿದ್ದರೆ ಹೀಗೆ, ಸಾವಿರದ ಮೇಲೆ, ತೇಯ್ದಿದ್ದರೆ ಹಾಗೆ, ಮುನ್ನೂರು. ಅಮ್ಮ ಇನ್ನೊಂದು ಸಲ ಹೇಳು ಎಂದಳು. ಹೇಳಿದ. ಅವಳು ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಟ್ಟು ಮಾಡುತ್ತ ಕೂತಳು. ಇದಾದ ಮೇಲೆ, ನಿಮ್ಮಪ್ಪಂದು ಅಟ್ಟದಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ಈ ಸಲ ಮಾರಿಬಿಡು, ಎಷ್ಟಕ್ಕೆ ಹೋಯಿತು ಅಂತ ಮಾತ್ರ ನನಗೆ ಹೇಳು ಎಂದಳು. ವಯಸ್ಸಾಯಿತು, ಮನೆ ಖಾಲಿ ಮಾಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದ ದಡ್ಡ. ಗ್ಯಾರೇಜಿನಲ್ಲಿ ಹೂವಿನ ಎದುರು ನಿಂತಾಗಲೇ ಅವನಿಗೆ ಹೊಳೆದದ್ದು, ಅವಳು ದುಡ್ಡು ಕೇಳುತ್ತಿಲ್ಲ. ಗಂಡನನ್ನು ಬದುಕಿದ್ದಾಗ ಕೇಳಲಾಗದ್ದನ್ನು ಸಂತೆಯಲ್ಲಿ ಕೇಳಿಸುತ್ತಿದ್ದಾಳೆ.

ಸುಳ್ಳು ಹೇಳಿದರಾಗುತ್ತಿತ್ತು. ಮುನ್ನೂರು ಎಂದು ಹೇಳಿ ಮುನ್ನೂರು ಕೈಯಲ್ಲಿಟ್ಟರೆ ಮುಗಿಯುತ್ತಿತ್ತು. ಆದರೆ ಅಮ್ಮನೆದುರು ಸುಳ್ಳು ಹೇಳುವಾಗ ಅವನಿಗೆ ಈಗಲೂ ಧ್ವನಿ ಏರುತ್ತದೆ; ಅದೂ ಅಲ್ಲದೆ ಅವಳು ಹಾಲಿಗೇ ಬರುತ್ತಾಳೆ, ವೆಂಡೆಲ್‌ನ ಬಾಯಿಗೆ ಬೀಗವಿಲ್ಲ. ಸುಳ್ಳನ್ನು ಬಾಯಿ ಹೇಳುವುದಕ್ಕಿಂತ ಕಬ್ಬಿಣವೇ ಹೇಳಿಬಿಡಲಿ ಎನ್ನಿಸಿತು. ಇಷ್ಟು ವರ್ಷ ಯಾರಾದರೂ ಹಳೆಯ ಬಂದೂಕಿಗೆ ಉಪ್ಪುಕಾಗದ ಹಿಡಿದರೂ ಕೊಲೆ ಮಾಡಿದ ಹಾಗೆ ಬೈಯುತ್ತಿದ್ದವನು ಕೈಗೆ ಸಣ್ಣ ಗ್ರೈಂಡರು ಎತ್ತಿಕೊಂಡ. ಎರಡು ದಳ ಹೋದ ಮೇಲೆ ನಿಲ್ಲಿಸಿದರೂ ಪ್ರಯೋಜನವಿರಲಿಲ್ಲ. ಗ್ರೈಂಡರು, ಅರ, ಉಪ್ಪುಕಾಗದ. ಕೈ ತನ್ನಷ್ಟಕ್ಕೆ ಕೆಲಸ ಮಾಡಿತು, ಅವನು ಪಕ್ಕದಲ್ಲಿ ನಿಂತು ನೋಡಿದ. ಕಬ್ಬಿಣ ಬೆಳ್ಳಗೆ ಬಂತು. ಬಾಟಲಿಯ ಕಪ್ಪು ಬಳಿದು ಹೆಬ್ಬೆರಳಿನಿಂದ ತೀಡಿದ. ಅಪ್ಪ ರಾಶಿಯದು ಎಂದಿದ್ದ ಬಂದೂಕು ಎಪ್ಪತ್ತು ವರ್ಷದ ಮೇಲೆ ಕಡೆಗೂ ರಾಶಿಯಿಂದ ಬಂದದ್ದಾಯಿತು. ಆಮೇಲೆ ಕೈ ತೊಳೆದುಕೊಂಡು ಅಮ್ಮನನ್ನು ಕರೆತರಲು ಹೋದ.

"ಇನ್ನೂ ತೆಗೆದಿಲ್ವೇನೋ ಅದನ್ನ?" ಅಮ್ಮ ಮೇಜಿನ ಹತ್ತಿರ ನಿಂತಿದ್ದಳು. ಮುಂಗೈಗೆ ಹಿಟ್ಟು ಮೆತ್ತಿತ್ತು. ಒಂದು ಕೈಯಲ್ಲಿ ಪಿರೋಗಿ ತುಂಬಿದ ಡಬ್ಬಿ, ಇನ್ನೊಂದು ಕೈ ಮೇಜಿನ ಅಂಚು ಹಿಡಿದಿತ್ತು. ಕಣ್ಣಿನ ನಡುವೆ ಏನೂ ಕಾಣದೆ ಅಂಚಿನಲ್ಲಿ ಮಾತ್ರ ಕಾಣುವವರ ಹಾಗೆ ತಲೆ ಓರೆ ಮಾಡಿಕೊಂಡಿದ್ದಳು.

"ಈಗ ತೆಗೀತೀನಮ್ಮ. ಜನ ಇದ್ರು."

"ಜನ ಇರ್ಲಿ ಅಂತ್ಲೇ ಅಲ್ವೇನೋ ತಂದಿರೋದು?"

"ಏನು ಹುಡಾಕಮ್ಮ, ಮಗ ಏನೋ ಬಚ್ಚಿಟ್ಕೊಂಡಿದಾನಾ?" ವೆಂಡೆಲ್ ಎದ್ದು ಬಂದ. ಸಿರಿಲ್ ಗಂಟು ಬಿಚ್ಚುವ ಮೊದಲೇ ಅವನು ಕಂಬಳಿ ಸರಿಸಿದ. "ಅಯ್ಯೋ ಮಾರಾಯ! ಮೇಲಿನ ಮುಚ್ಚಳ ಇದೆ. ನೆಲಕ್ಕೆ ಊರೋ ಕಾಲು ಇದೆ. ವಿಮಾನಕ್ಕೆ ಗುರಿಯಿಡೋ ಪಟ್ಟಿ ಕೂಡ ಇದೆಯಲ್ಲೋ. ಇಷ್ಟು ವರ್ಷ ಇದನ್ನ ಅಟ್ಟದಲ್ಲಿ ಇಟ್ಕೊಂಡು ನಮಗೆಲ್ಲ ಬೆಲೆ ಹೇಳ್ತಿದ್ಯಾ?" ಎಂದು ಹೇಳುತ್ತಲೇ ಅವನ ಹೆಬ್ಬೆರಳು ನೆತ್ತಿಯ ಮೇಲೆ ಹೋಯಿತು. ನಿಂತಿತು. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದ.

"ಇದ್ಯಾರೋ ತೇಯ್ದಿದ್ದು?"

"ಜಪಾನಿನವ್ರು," ಎಂದ ಸಿರಿಲ್. ಧ್ವನಿ ಏರಿತು.

"ಹೋಗೋ. ಸೋತು ಸುಣ್ಣವಾದ ಸಿಪಾಯಿ ಇಷ್ಟು ನಾಜೂಕಾಗಿ ತೇಯ್ತಾನಾ? ಅವರು ಅರದಲ್ಲಿ ಪರಪರ ಗೀಚಿ ಬಿಸಾಕ್ತಿದ್ರು. ಇದು ನೋಡು, ಕನ್ನಡಿ. ಇದು ಕೆಲಸ ಬಲ್ಲವನ ಕೈ." ವೆಂಡೆಲ್ ಬಂದೂಕನ್ನು ಮೂಗಿಗೆ ಎತ್ತಿದ. ಸಿರಿಲ್‌ಗೆ ಕೈ ಚಾಚಿ ತಡೆಯಬೇಕೆನ್ನಿಸಿತು. ಆದರೆ ಆ ಕೈ ಜೇಬಿನಲ್ಲಿತ್ತು.

"ಮೊಟ್ಟೆ," ಎಂದ ವೆಂಡೆಲ್.

"ಎಷ್ಟು ಬರುತ್ತೆ?" ಎಂದಳು ಅಮ್ಮ.

"ಹೂವಿದ್ದಿದ್ರೆ ಸಾವಿರದ ಇನ್ನೂರಕ್ಕೆ ನಾನೇ ಈಗ್ಲೇ ತಗೋತಿದ್ದೆ ಹುಡಾಕಮ್ಮ. ಯುದ್ಧ ಮುಗಿದಾಗ ತೇಯ್ದಿದ್ರೆ ಮುನ್ನೂರು, ಕಣ್ಣು ಮುಚ್ಕೊಂಡು. ಇದು ಎರಡೂ ಅಲ್ಲ. ಇದನ್ನ ಯಾರೋ ಕತ್ತೆ ಮೊನ್ನೆ ಮೊನ್ನೆ ಕೆಡಿಸಿದಾನೆ. ಬಿಡಿಭಾಗಕ್ಕೆ ಅಂತ ಮಾರಿದ್ರೆ ನೂರು ಬರ್ಬೋದು. ನಿಮ್ಮ ಮನೆ ಅಟ್ಟಕ್ಕೆ ಯಾರು…" ಎನ್ನುತ್ತ ಅವನು ಸಿರಿಲ್‌ನ ಮುಖ ನೋಡಿದ, ಕಣ್ಣು ಮುಖದಿಂದ ಜೇಬಿಗೆ ಇಳಿಯಿತು, ಮಾತು ಅಲ್ಲಿಗೇ ನಿಂತಿತು. ಮೂವತ್ತು ವರ್ಷ ಪಕ್ಕಪಕ್ಕದ ಮೇಜಿನಲ್ಲಿ ಕೂತವರು. ವೆಂಡೆಲ್ ಬಂದೂಕನ್ನು ಮಗುವನ್ನು ಮಲಗಿಸುವ ಹಾಗೆ ಕಂಬಳಿಯಲ್ಲಿಟ್ಟು, "ಕಾಫಿ ತರ್ತೀನಿ," ಎಂದು, ಯಾರಿಗೆ ಎಂದು ಹೇಳದೆ ಹೋದ.

"ನೂರಕ್ಕೆ ಕೊಡೋದು ಬೇಡ, ನಡಿ," ಎಂದಳು ಅಮ್ಮ. ಸಿರಿಲ್ ಮಿಕ್ಕ ಆರು ಬಂದೂಕುಗಳನ್ನು ವೆಂಡೆಲ್‌ನ ಸುಪರ್ದಿಗೆ ಬಿಟ್ಟು, ಗಂಟನ್ನು ಹೆಗಲಿಗೆ ಹಾಕಿಕೊಂಡು, ಅಮ್ಮನ ತೋಳು ಹಿಡಿದು ಹೊರಗೆ ಬಂದ. ಪಾರ್ಕಿಂಗಿನ ಹಿಮದ ಮೇಲೆ ಉಪ್ಪು ಚೆಲ್ಲಿ ನೆಲವೆಲ್ಲ ಬೂದಿಯಾಗಿತ್ತು. ಟ್ರಕ್ಕಿಗೆ ಹತ್ತಿಸಿ, ಬಂದೂಕನ್ನು ಸೀಟಿನ ಹಿಂದೆ ಸೇರಿಸಿ, ಅವನೂ ಹತ್ತಿ ಬೀಗದಕೈ ತಿರುಗಿಸಿದ. ಎಂಜಿನ್ ಬಿಸಿಯಾಗಲಿ ಎಂದು ಕೂತರು. ಎದುರು ಗಾಜಿನ ಮೇಲಿನ ಮಂಜು ಕೆಳಗಿನಿಂದ ಸ್ವಲ್ಪ ಸ್ವಲ್ಪ ಕರಗತೊಡಗಿತು.

"ಕೈ ಕೊಡು," ಎಂದಳು ಅಮ್ಮ.

ಅವನು ಎಡಗೈ ಚಾಚಿದ.

"ಅದಲ್ಲ."

ಬಲಗೈಯನ್ನು ಅವಳು ಹಿಟ್ಟಿನ ಎರಡೂ ಕೈಯಲ್ಲಿ ಹಿಡಿದು, ವೆಂಡೆಲ್ ಬಂದೂಕನ್ನು ಎತ್ತಿದ ಹಾಗೆಯೇ ಮೂಗಿಗೆ ಎತ್ತಿಕೊಂಡಳು. ಚಿಕ್ಕವನಿದ್ದಾಗ ಸಿಗರೇಟು ಸೇದಿ ಬಂದ ದಿನ ಹೀಗೆಯೇ ಮೂಸಿದ್ದಳು. ಆವತ್ತು ಕೆನ್ನೆಗೆ ಬಿದ್ದಿತ್ತು. ಇವತ್ತು ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತು.

"ತೇಯೋಕೆ ಮುಂಚೆ ಎಷ್ಟಿತ್ತು?"

"ಅಮ್ಮ, ಅದು ಹಾಗಲ್ಲ. ಎಷ್ಟೋ ಜನ ಸಿಗರೇಟಿಗೆ ಬದಲಾಗಿ ತಗೋತಿದ್ರು. ಇಸ್ಪೀಟಲ್ಲಿ ಗೆಲ್ತಿದ್ರು. ದಾರೀಲಿ ಬಿದ್ದಿರೋದನ್ನ…"

"ನಾನು ಕಥೆ ಕೇಳ್ಲಿಲ್ಲ ಸಿರಿಲ್. ಬೆಲೆ ಕೇಳ್ದೆ."

ಗಾಜಿನಲ್ಲಿ ಈಗ ಅಂಗೈಯಗಲ ಕಿಂಡಿಯಾಗಿತ್ತು. ಅದರಲ್ಲಿ ಹಾಲಿನ ಬಾಗಿಲು, ಬಂದೂಕು ಹೆಗಲಿಗೇರಿಸಿಕೊಂಡು ಹೊರಬರುವ ಒಬ್ಬ ಮನುಷ್ಯ ಕಂಡ.

"ಸಾವಿರದ ಇನ್ನೂರು," ಎಂದ.

ಅಮ್ಮ ತಲೆಯಾಡಿಸಿದಳು. ಬಹಳ ಹೊತ್ತು ಆಡಿಸುತ್ತಲೇ ಇದ್ದಳು. ಅವಳು ಅಳುತ್ತಾಳೆ ಎಂದು ಸಿರಿಲ್ ಕಾದ. ಅಪ್ಪನ ಬಗ್ಗೆ, ಆ ಜಪಾನಿನವನ ಬಗ್ಗೆ, ಪಾಪದ ಬಗ್ಗೆ, ಪಾದ್ರಿಯ ಬಗ್ಗೆ ಏನಾದರೂ ಹೇಳುತ್ತಾಳೆ ಎಂದು ಕಾದ.

"ಹಾಗಾದ್ರೆ ನನ್ನಿಂದ ಅಲ್ಲ," ಎಂದಳು.

"ಏನಮ್ಮ?"

"ಕುರ್ಚಿ." ಅವಳ ಹೆಬ್ಬೆರಳು ಅವನ ಹೆಬ್ಬೆರಳನ್ನು ಕಡುಬಿನ ಅಂಚಿನ ಹಾಗೆ ಒತ್ತುತ್ತಿತ್ತು. "ಮದುವೆಯಾದ ಮೊದಲನೇ ವಾರಾನೇ ಎದ್ದು ಹೋಗಿ ಕುರ್ಚೀಲಿ ಕೂತ್ರು ಕಣೋ. ನಾನು ಇಪ್ಪತ್ತೊಂದರ ಹುಡುಗಿ. ನನ್ನ ಮೈಯಲ್ಲಿ ಏನೋ ಇದೆ, ಇವ್ರಿಗೆ ಆಗ್ತಿಲ್ಲ ಅಂದ್ಕೊಂಡೆ. ಕೇಳೋಕೆ ನಾಚ್ಕೆ. ಗೊರಕೆ ಗೊರಕೆ ಅಂತ ನಾನೇ ಹೇಳ್ಕೊಂಡ್ ತಿರುಗ್ದೆ. ನಾನು ಗೊರಕೆ ಹೊಡೆಯೋದೇ ಇಲ್ಲ. ಒಂದು ಮಾತು ಹೇಳಿದ್ರೆ ನಾನೂ ಇನ್ನೊಂದು ಕುರ್ಚಿ ಹಾಕ್ಕೊಂಡು ಕೂರ್ತಿದ್ದೆ." ಅವನ ಕಡೆ ತಲೆ ಓರೆ ಮಾಡಿ, "ನೀನೂ ಹೇಳ್ತಿರ್ಲಿಲ್ಲ," ಎಂದಳು.

ಅಪ್ಪ ಕೊಟ್ಟ ಸುಳ್ಳನ್ನೇ ಇನ್ನೊಂದು ಸಲ ಅವಳಿಗೆ ಕೊಡಲು ಸಿರಿಲ್ ಬೆಳಿಗ್ಗೆ ಅಷ್ಟು ನಾಜೂಕಾಗಿ ಕೆಲಸ ಮಾಡಿದ್ದ. ಮಂಜು ಪೂರ್ತಿ ಕರಗಿದ್ದರೂ ಅವನಿಗೆ ಗಾಜಿನಾಚೆಯದು ಸರಿಯಾಗಿ ಕಾಣಲಿಲ್ಲ.

"ಹೊರಡು ಇನ್ನ," ಎಂದಳು ಅಮ್ಮ, "ಪಿರೋಗಿ ಆರ್ತಾ ಇದೆ."

ಗೇರು ಹಾಕಲು ಆ ಕೈಯೇ ಬೇಕಿತ್ತು. ಅವಳು ಅದನ್ನು ಇನ್ನೂ ಹಿಡಿದುಕೊಂಡೇ ಇದ್ದಳು.